ಸಪೂರ ಕೋವಿ ಒಳಗಿನಿಂದ ಹುಟ್ಟಬೇಕು

ನಾನು ಮಾಡಿದ ಮೊದಲ ಲಾಂಗ್‌ರೈಫಲ್ ನೋಡೋಕೆ ಒನಕೆ ಥರ ಇತ್ತು. ಒನಕೆಗೆ ಹಿತ್ತಾಳೆ ತಗಡು ಬಡಿದು, ಪಕ್ಕದಲ್ಲಿ ಕಿಡಿ ಹಾರಿಸಿ ಮದ್ದು ಹೊತ್ತಿಸುವ ಒಂದು ಚಕಮಕಿ ಲಾಕ್ ಸಿಕ್ಕಿಸಿದರೆ ಹೇಗಿರುತ್ತದೋ ಹಾಗೆ. ಎರಡು ಚಳಿಗಾಲದ ಶನಿವಾರ ಭಾನುವಾರಗಳನ್ನೆಲ್ಲ ಗ್ಯಾರೇಜಿನಲ್ಲಿ ಕಳೆದು, ಮೈಕೈಗೆಲ್ಲ ಮೇಪಲ್ ಮರದ ಪುಡಿ ಮೆತ್ತಿಕೊಂಡು ಮಾಡಿದ ಕೋವಿ ಅದು. ಪೆನ್ಸಿಲ್ವೇನಿಯಾದಲ್ಲಿ ನಾನಿರುವ ಊರಿನ ಹತ್ತಿರ ಹಳೇ ಕಾಲದ ಕೋವಿ ಹಾರಿಸುವವರು ತಿಂಗಳಿಗೊಮ್ಮೆ ಸೇರುತ್ತಾರೆ. ಅಲ್ಲಿಗೆ ಹೆಮ್ಮೆಯಿಂದ ತೆಗೆದುಕೊಂಡು ಹೋದೆ. ಐವತ್ತು ವರ್ಷದಿಂದ ಇದೇ ಕೆಲಸ ಮಾಡಿಕೊಂಡು ಬಂದ ಒಬ್ಬ ಹಿರಿಯರು ಅದನ್ನು ಕೈಗೆ ತೆಗೆದುಕೊಂಡು, ಒಮ್ಮೆ ತೂಗಿ, ಕೋವಿಯ ಹೊಟ್ಟೆಯ ಕೆಳಗೆ ಬೆರಳಾಡಿಸಿದರು. ಚೆನ್ನಾಗಿದೆ ಅನ್ನಲಿಲ್ಲ, ಚೆನ್ನಾಗಿಲ್ಲ ಅಂತಲೂ ಅನ್ನಲಿಲ್ಲ. "ಗಜದ ತೂತು ಹಿಂದೆ ಹೋಗ್ತಾ ಎಷ್ಟು ಕೆಳಗೆ ಇಳಿದಿದೆ?" ಅಂತ ಕೇಳಿದರು, ಅಷ್ಟೇ.

ನನಗೆ ಅರ್ಥ ಆಗಲಿಲ್ಲ. ನಾನು ಕೇಳುತ್ತಿದ್ದದ್ದು ಹೊರಗಿನ ಆಕಾರದ ಬಗ್ಗೆ. ಅವರು ಕೇಳಿದ್ದು ಕಣ್ಣಿಗೇ ಕಾಣದ ಒಂದು ತೂತಿನ ಬಗ್ಗೆ. ಗಜ ಅಂದರೆ ಮೂತಿಯಿಂದ ತುಂಬಿದ ಮದ್ದು ಗುಂಡು ಜಡಿಯುವ ಉದ್ದ ಕಡ್ಡಿ, ಅದನ್ನು ನಳಿಗೆಯ ಕೆಳಗೆ ಮರದಲ್ಲೇ ಸಿಕ್ಕಿಸಿಟ್ಟಿರುತ್ತಾರೆ. ಆ ಪ್ರಶ್ನೆ ತಲೆಗೆ ಹೋಗೋಕೆ ಇನ್ನೊಂದು ವರ್ಷ ಬೇಕಾಯಿತು. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಈ ಲಾಂಗ್‌ರೈಫಲ್ ಅಂದರೆ ಏನು ಅಂತ ಸ್ವಲ್ಪ. ಹದಿನೆಂಟನೇ ಶತಮಾನದಲ್ಲಿ ಜರ್ಮನ್ ಮಾತಾಡುವ ನಾಡುಗಳಿಂದ ಪೆನ್ಸಿಲ್ವೇನಿಯಾಕ್ಕೆ ವಲಸೆ ಬಂದವರಲ್ಲಿ ಕೋವಿ ಮಾಡುವವರೂ ಇದ್ದರು. ಅವರು ಜೊತೆಗೆ ತಂದದ್ದು ಯೇಗರ್ ಅನ್ನುವ ಬೇಟೆ ಕೋವಿ. ಗಿಡ್ಡ ನಳಿಗೆ, ದಪ್ಪ ಗುಂಡು, ದಪ್ಪ ಮೈ. ನಳಿಗೆ ಸುಮಾರು 28ರಿಂದ 30 ಇಂಚು ಇರುತ್ತಿತ್ತು. ಲ್ಯಾಂಕಾಸ್ಟರ್, ಯಾರ್ಕ್, ಬರ್ಕ್ಸ್, ನಾರ್ಥಾಂಪ್ಟನ್ ಕಡೆಯ ಅಂಗಡಿಗಳಲ್ಲಿ ಅದೇ ಕೋವಿ ನಿಧಾನವಾಗಿ ಉದ್ದವಾಗುತ್ತಾ, ತೆಳ್ಳಗಾಗುತ್ತಾ ಹೋಯಿತು. ನಳಿಗೆ 42ರಿಂದ 46 ಇಂಚಿಗೆ ಬಂತು. ಗುಂಡು ಸಣ್ಣದಾಯಿತು. ಕಾರಣ ತೀರಾ ಲೌಕಿಕ. ಕಾಡಿನಲ್ಲಿ ತಿಂಗಳುಗಟ್ಟಲೆ ಅಲೆಯುವವನು ಸೀಸವನ್ನೂ ಮದ್ದನ್ನೂ ಹೊತ್ತುಕೊಂಡೇ ಹೋಗಬೇಕಲ್ವಾ. .62 ಅಳತೆಯ, ಅಂದರೆ ನಳಿಗೆಯ ತೂತು .62 ಇಂಚು ಇರುವ ಕೋವಿಗೆ ಒಂದು ಪೌಂಡ್ ಸೀಸದಲ್ಲಿ ಸುಮಾರು 20 ಗುಂಡು ಬರುತ್ತದೆ. .50ಕ್ಕೆ ಸುಮಾರು 40. .45ಕ್ಕೆ 55ರ ಹತ್ತಿರ. ಅದೇ ಭಾರ ಹೊತ್ತು ಎರಡರಷ್ಟು ಈಡು. ಉದ್ದ ನಳಿಗೆ ಇದ್ದರೆ ಕರಿ ಮದ್ದು ಒಳಗೇ ಚೆನ್ನಾಗಿ ಉರಿಯುತ್ತದೆ, ನಳಿಗೆಯ ಮೇಲಿನ ಹಿಂದಿನ ಗುರಿಕಂಡಿಗೂ ಮುಂದಿನ ಗುರಿಮೊನೆಗೂ ಅಂತರ ಜಾಸ್ತಿ ಆಗಿ ಗುರಿ ಹಿಡಿಯೋದೂ ಸುಲಭ. 1775ರ ಜೂನ್‌ನಲ್ಲಿ ಅಮೆರಿಕದ ಕಾಂಗ್ರೆಸ್ ಸೇನೆಗೆ ರೈಫಲ್ ತುಕಡಿ ಕಟ್ಟಲು ಹೇಳಿದಾಗ ಪೆನ್ಸಿಲ್ವೇನಿಯಾ, ಮೇರಿಲ್ಯಾಂಡ್, ವರ್ಜೀನಿಯಾಗಳಿಂದಲೇ ಜನ ಕರೆದದ್ದು ಸುಮ್ನೆ ಅಲ್ಲ. ಇಂಥ ಕೋವಿ ಇದ್ದದ್ದು ಅವರ ಹತ್ತಿರ. ಆಮೇಲೆ ಇದಕ್ಕೆ ಕೆಂಟಕಿ ರೈಫಲ್ ಅಂತ ಹೆಸರು ಬಿತ್ತು. ಹುಟ್ಟಿದ್ದು ಪೆನ್ಸಿಲ್ವೇನಿಯಾದಲ್ಲಿ, ಹೆಸರು ಹೋದದ್ದು ಕೆಂಟಕಿಗೆ. ಲ್ಯಾಂಕಾಸ್ಟರ್ ಜನರಿಗೆ ಇವತ್ತಿಗೂ ಇದು ಸ್ವಲ್ಪ ಹೊಟ್ಟೆಯುರಿಯ ವಿಷಯ.

ನಮ್ಮ ಮಲೆನಾಡು, ಕೊಡಗಿನ ಮನೆಗಳಲ್ಲಿ ಕೇಪಿನ ಕೋವಿ ನೋಡಿದವರಿಗೆ ಮೂತಿಯಿಂದ ಮದ್ದು ತುಂಬಿ ಗಜದಲ್ಲಿ ಜಡಿಯುವ ಕೆಲಸ ಹೊಸದಲ್ಲ. ನಾನು ಬೆಳೆದದ್ದೂ ಅಂಥದ್ದೇ ಒಂದು ಮನೆಯಲ್ಲಿ. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಲಾಂಗ್‌ರೈಫಲ್‌ನಲ್ಲಿ ಮರ ಬುಡದಿಂದ ಮೂತಿಯವರೆಗೂ ಹೋಗುತ್ತದೆ. ಹೆಗಲಿಗೆ ಆನಿಸುವ ಹಿಂಭಾಗ, ಅಂದರೆ ಬಟ್‌ನ ತುದಿಯಿಂದ ಮೂತಿವರೆಗೆ ಒಂದೇ ಮರದ ತುಂಡು, ಹೆಚ್ಚುಕಡಿಮೆ ಐದು ಅಡಿ ಉದ್ದ. ಆ ಐದಡಿ ಮರ ಎಲ್ಲೂ ದಪ್ಪ ಅನ್ನಿಸದೆ, ಎಲ್ಲೂ ಮುರಿಯದೆ ಇರಬೇಕು. ಕಷ್ಟ ಇರೋದು ಅಲ್ಲಿ. ಇಲ್ಲೇ ಒಂದು ಮಾತು ಹೇಳಿ ಮುಗಿಸುತ್ತೇನೆ: ಅಮೆರಿಕದಲ್ಲಿ ಇಂಥ ಚಕಮಕಿ ಕೋವಿಗಳನ್ನು ಒಕ್ಕೂಟದ ಕಾನೂನು ಬಹುಪಾಲು ಪ್ರಾಚೀನ ವಸ್ತುಗಳ ಸಾಲಿಗೆ ಸೇರಿಸುತ್ತದೆ, ರಾಜ್ಯಗಳ ನಿಯಮ ಬೇರೆ ಬೇರೆ ಇರುತ್ತದೆ. ಭಾರತದಲ್ಲಿ ಹಾಗಲ್ಲ. ಕೊಡವರಿಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸಿನಿಂದ ವಿನಾಯಿತಿ ಇದೆ. ಅದು ಇಟ್ಟುಕೊಳ್ಳುವುದಕ್ಕೆ, ಮಾಡುವುದಕ್ಕೆ ಅಲ್ಲ. ಊರಲ್ಲಿ ಕೂತು ಓದುವವರು ಇದನ್ನು ಮರಗೆಲಸದ ಕಥೆಯಾಗಿ ಓದಿ.

ಈಗ ವಿಷಯಕ್ಕೆ ಬರೋಣ. ಹೊಸದಾಗಿ ಮಾಡುವವರೆಲ್ಲ ಅಂದುಕೊಳ್ಳುವುದು ಒಂದೇ. ನಳಿಗೆ ಕೂರಿಸಿ, ಲಾಕ್ ಕೂರಿಸಿ, ಎಲ್ಲ ಆದಮೇಲೆ ಹೊರಗಿನಿಂದ ಅರ ಹಾಕಿ ಉಜ್ಜುತ್ತಾ ಹೋದರೆ ಕೋವಿ ಸಪೂರ ಆಗುತ್ತದೆ ಅಂತ. ಆಗುವುದಿಲ್ಲ. ಹೊರಗಿನ ಮರ ಬರೀ ಚರ್ಮ. ಒಳಗೆ ಮೂಳೆ ಎಲ್ಲಿದೆಯೋ ಚರ್ಮ ಅಲ್ಲಿಗೇ ಕೂರುತ್ತದೆ. ಆ ಮೂಳೆ ಯಾವುದು ಅಂದರೆ ನಳಿಗೆ, ಗಜ, ಲಾಕ್, ಬಟ್‌ಗೆ ಹಾಕುವ ಹಿತ್ತಾಳೆ ತಗಡು. ಈ ನಾಲ್ಕು ಎಲ್ಲಿ ಕೂರುತ್ತವೆ ಅನ್ನುವುದು ಮೊದಲ ತಿಂಗಳಲ್ಲೇ ತೀರ್ಮಾನ ಆಗಿಬಿಡುತ್ತದೆ. ಅರ ಕೈಗೆ ಬರುವ ಹೊತ್ತಿಗೆ ಕೋವಿ ದಪ್ಪವೋ ಸಪೂರವೋ ಅನ್ನುವುದು ಆಗಲೇ ಬರೆದಾಗಿರುತ್ತದೆ.

ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ನಮ್ಮ ಬಡಗಿಗಳು ಇಂಚಿನ ಎಂಟನೇ ಒಂದು ಭಾಗಕ್ಕೆ ನೂಲು ಅನ್ನುತ್ತಾರಲ್ಲ, ಆ ಅಳತೆ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ಎಂಟು ನೂಲು ಅಂದರೆ ಒಂದು ಇಂಚು.

ಕೋವಿಯನ್ನು ನಳಿಗೆಯ ಬುಡದ ಹತ್ತಿರ, ಲಾಕ್‌ಗಿಂತ ಸ್ವಲ್ಪ ಮುಂದೆ ಅಡ್ಡಡ್ಡ ಕತ್ತರಿಸಿದೆವು ಅಂತ ಇಟ್ಟುಕೊಳ್ಳಿ. ಮೇಲೆ ಎಂಟು ಮುಖದ ನಳಿಗೆ ಕಾಣುತ್ತದೆ. ಅದು 9 ನೂಲು. ಅದರ ಕೆಳಗೆ ತೆಳ್ಳಗಿನ ಮರ, ನಳಿಗೆಗೂ ಗಜಕ್ಕೂ ನಡುವಿನ ಗೋಡೆ. ಅದನ್ನು ನಡುಗೋಡೆ ಅನ್ನೋಣ. ಅದು ಒಂದೂವರೆ ನೂಲು. ಅದರ ಕೆಳಗೆ ಗಜದ ತೂತು, 3 ನೂಲು. ಅದರ ಕೆಳಗೆ ಹೊರಮೈಯ ಮರ, ಒಂದು ನೂಲು ಸಾಕು. ಒಟ್ಟು ಹದಿನಾಲ್ಕೂವರೆ ನೂಲು, ಅಂದರೆ ಒಂದು ಮುಕ್ಕಾಲು ಇಂಚಿಗಿಂತ ಚೂರು ಜಾಸ್ತಿ. ಅಲ್ಲಿ ಕೋವಿಯ ಎತ್ತರ ಇಷ್ಟೇ ಇರಬೇಕು. ಇದರಲ್ಲಿ ನಿಮ್ಮ ಕಲೆ, ಕೈಚಳಕ ಏನೂ ಇಲ್ಲ. ಬರೀ ಕೂಡಿಸುವ ಲೆಕ್ಕ.

ಈಗ ಗಜದ ತೂತು ಹಿಂದಕ್ಕೆ ಹೋಗುತ್ತಾ ಎರಡು ನೂಲು ಕೆಳಗೆ ಜಾರಿತು ಅನ್ನಿ. ನಡುಗೋಡೆ ಮೂರೂವರೆ ನೂಲು ಆಯಿತು. ಒಟ್ಟು ಹದಿನಾರೂವರೆ. ಕಾಗದದ ಮೇಲೆ ಎರಡು ನೂಲು ಏನೂ ಅಲ್ಲ. ಕೋವಿಯ ಹೊಟ್ಟೆಯಲ್ಲಿ ಅದು ಆರು ತಿಂಗಳ ಬಸಿರು. ಎಷ್ಟು ಉಜ್ಜಿದರೂ ಇಳಿಯುವುದಿಲ್ಲ. ಇಳಿಸೋಕೆ ಹೋದರೆ ಕೆಳಗಿನ ಒಂದು ನೂಲು ಮರ ತೂತಾಗಿ ಗಜ ಹೊರಗೆ ಇಣುಕುತ್ತದೆ. ನನ್ನ ಮೊದಲ ಕೋವಿಯಲ್ಲಿ ಆಗಿದ್ದು ಇದೇ. ಹೊಟ್ಟೆಯ ಮೇಲೆ ಬೆರಳಾಡಿಸಿದ ಆ ಹಿರಿಯರಿಗೆ ಒಂದು ಕ್ಷಣದಲ್ಲಿ ಗೊತ್ತಾದದ್ದೂ ಇದೇ.

ತೂತು ಯಾಕೆ ಜಾರುತ್ತದೆ? ಮುಂದಿನ ಅರ್ಧದಲ್ಲಿ ಗಜ ತೆರೆದ ಕಾಲುವೆಯಲ್ಲಿ ಕೂರುತ್ತದೆ. ಹಿಂದಿನ ಭಾಗದಲ್ಲಿ ಮಾತ್ರ ಮರದೊಳಗೆ ಹೋಗುತ್ತದೆ. ಆ ತೂತು ಕೊರೆಯೋಕೆ ನಾಲ್ಕು ಅಡಿ ಉದ್ದದ ಡ್ರಿಲ್ ಬಿಟ್ ಬೇಕು. ಅದನ್ನು ಮುಂದಿನ ಕಾಲುವೆಯಲ್ಲಿ ಮಲಗಿಸಿ, ಮೇಲಿಂದ ಮರದ ತುಂಡು ಬಿಗಿದು ದಾರಿ ಮಾಡಿಕೊಟ್ಟು, ನಿಧಾನವಾಗಿ ಹಿಂದಕ್ಕೆ ತಳ್ಳಬೇಕು. ಒಳಗೆ ಹೋದಮೇಲೆ ಅದಕ್ಕೆ ಲಗಾಮಿಲ್ಲ. ಮರದ ಎಳೆ ಯಾವ ಕಡೆ ಕರೆಯುತ್ತದೋ ಆ ಕಡೆ ಹೋಗುತ್ತದೆ. ಮೇಪಲ್‌ನಲ್ಲಿ, ಅದರಲ್ಲೂ ಹುಲಿಪಟ್ಟೆ ಇರುವ ಮೇಪಲ್‌ನಲ್ಲಿ, ಎಳೆ ಅಲೆ ಅಲೆಯಾಗಿ ಹೋಗಿರುತ್ತದೆ. ಚೆಂದ ಕಾಣುವ ಮರವೇ ಬಿಟ್‌ಗೆ ಮೋಸ ಮಾಡುವ ಮರ. ಮೇಲಕ್ಕೆ ಹೋದರೆ ನಳಿಗೆ ಕೂರುವ ಕಾಲುವೆಗೆ ಹೊಕ್ಕುಬಿಡುತ್ತದೆ. ಅದು ಹೊರಗೆ ಕಾಣಲ್ಲ, ಅಷ್ಟೇನೂ ಅನಾಹುತ ಅಲ್ಲ. ಕೆಳಕ್ಕೆ ಹೋದರೆ ಹೊಟ್ಟೆ.

ಹಾಗಾಗಿ ಕೊರೆಯುವಾಗಲೇ ನೋಡುತ್ತಾ ಹೋಗಬೇಕು. ನಾನೀಗ ಮಾಡುವುದು ಹೀಗೆ. ಎರಡು ಮೂರು ಇಂಚು ಹೋದಮೇಲೆ ನಿಲ್ಲಿಸುತ್ತೇನೆ. ನಳಿಗೆಯ ಕಾಲುವೆಯ ತಳದಲ್ಲಿ, ಸರಿಯಾಗಿ ನಡುಗೆರೆಯ ಮೇಲೆ, ಅರ್ಧ ನೂಲಿನ ಸಣ್ಣ ತೂತು ಹಾಕಿ ಅದರಲ್ಲಿ ತಂತಿ ಇಳಿಸುತ್ತೇನೆ. ತಂತಿ ಎಷ್ಟು ಇಳಿದು ಬಿಟ್‌ಗೆ ತಾಗಿತೋ ಅದೇ ನಡುಗೋಡೆಯ ದಪ್ಪ. ಆ ಸಣ್ಣ ತೂತುಗಳು ಆಮೇಲೆ ನಳಿಗೆಯ ಕೆಳಗೆ ಮುಚ್ಚಿಹೋಗುತ್ತವೆ, ಯಾರಿಗೂ ಕಾಣಲ್ಲ. ಬಿಟ್ ಜಾರುತ್ತಿದೆ ಅಂತ ಗೊತ್ತಾದರೆ ಹಿಂದಕ್ಕೆ ತೆಗೆದು, ಹಿಡಿದ ಕೋನ ಬದಲಿಸಿ ಮತ್ತೆ ಹೋಗಬಹುದು. ಎಲ್ಲ ಕೊರೆದು ಮುಗಿಸಿಬಿಟ್ಟಮೇಲೆ ಗೊತ್ತಾದರೆ ಏನೂ ಮಾಡೋಕಾಗಲ್ಲ.

ಹಳೆಯ ಕಸುಬಿನವರು ಇನ್ನೊಂದು ಉಪಾಯ ಮಾಡುತ್ತಿದ್ದರು. ಅವರ ಗಜ ಉದ್ದಕ್ಕೂ ಒಂದೇ ದಪ್ಪ ಇರುತ್ತಿರಲಿಲ್ಲ. ಮೂತಿಯ ಕಡೆ ದಪ್ಪ, ಮರದೊಳಗೆ ಹೋಗುವ ತುದಿ ಸಣ್ಣ. ಮುಂದೆ 3 ನೂಲು ಇದ್ದರೆ ಹಿಂದೆ ಎರಡೂವರೆ, ಅದಕ್ಕಿಂತ ಕಡಿಮೆ. ತೂತೂ ಅಷ್ಟೇ ಸಣ್ಣದು ಸಾಕು. ಹೊಟ್ಟೆಯಲ್ಲಿ ಅರ್ಧ ನೂಲು ಉಳಿಯಿತು. ಈಗಿನವರು ಅಂಗಡಿಯಿಂದ ತಂದ ಒಂದೇ ದಪ್ಪದ ಕಡ್ಡಿ ಹಾಕುತ್ತಾರೆ, ಆಮೇಲೆ ಹಳೆಯ ಕೋವಿ ಅಷ್ಟು ಸಪೂರ ಹೇಗೆ ಅಂತ ಬೆರಗಾಗುತ್ತಾರೆ.

ನಡುಗೋಡೆಯನ್ನು ಬೇಕಂತಲೇ ದಪ್ಪ ಬಿಡುವವರೂ ಇದ್ದಾರೆ, ಅವರ ಹೆದರಿಕೆಗೆ ಕಾರಣ ಇದೆ. ಲಾಕ್ ಹಿಡಿದಿಡುವ ಎರಡು ಬೋಲ್ಟ್‌ಗಳಲ್ಲಿ ಮುಂದಿನದು ಅಡ್ಡಕ್ಕೆ ಹಾಯಬೇಕಾದ್ದು ಇದೇ ನಡುಗೋಡೆಯಲ್ಲಿ. ಮೇಲೆ ನಳಿಗೆ, ಕೆಳಗೆ ಗಜ, ಮಧ್ಯೆ ಬೋಲ್ಟ್. ಬೋಲ್ಟ್‌ನ ದಪ್ಪ ಸುಮಾರು ಒಂದೂಕಾಲು ನೂಲು. ಗೋಡೆ ಒಂದೂವರೆ. ಸೂಜಿಯ ಕಣ್ಣಲ್ಲಿ ದಾರ ಪೋಣಿಸಿದ ಹಾಗೆ. ಸ್ವಲ್ಪ ತಪ್ಪಿದರೆ ಗಜದ ದಾರಿಗೆ ಅಡ್ಡ ಬರುತ್ತದೆ. ಆದರೆ ಈ ಹೆದರಿಕೆಗೆ ಗೋಡೆಯನ್ನು ಎರಡೂವರೆ ನೂಲು ಮಾಡಿದರೆ ಇಡೀ ಕೋವಿ ದಪ್ಪ ಆಗುತ್ತದೆ. ಒಂದು ಬೋಲ್ಟ್‌ಗಾಗಿ ಐದಡಿ ಮರಕ್ಕೆ ದಂಡ. ಅದರ ಬದಲು ಎರಡೂ ಕಡೆ ಸರಿಯಾಗಿ ಗುರುತು ಹಾಕಿ, ಅಳೆದು ಕೊರೆಯುವುದೇ ಮೇಲು.

ಇನ್ನು ನಳಿಗೆ. ಇಲ್ಲಿ ನಾನು ಮಾಡಿದ ತಪ್ಪು ದುಡ್ಡು ಉಳಿಸಿದ್ದು. ಈಗ ಸಿಗುವ ಅಗ್ಗದ ನಳಿಗೆಗಳು ಬುಡದಿಂದ ಮೂತಿವರೆಗೆ ಒಂದೇ ದಪ್ಪ. ಹಳೆಯ ನಳಿಗೆ ಹಾಗಿರುತ್ತಿರಲಿಲ್ಲ. ಬುಡ ದಪ್ಪ, ಮುಂದೆ ಹೋಗುತ್ತಾ ತೆಳ್ಳಗೆ, ಮೂತಿಗೆ ಸ್ವಲ್ಪ ಹಿಂದೆ ಸೊಂಟ, ಮೂತಿಯಲ್ಲಿ ಮತ್ತೆ ಚೂರು ಅರಳು. ನೋಡಿದರೆ ಗೊತ್ತೇ ಆಗಲ್ಲ, ಕೈ ಹಾಕಿದರೆ ಗೊತ್ತಾಗುತ್ತದೆ. ಬುಡದಲ್ಲಿ 9 ನೂಲು, ಸೊಂಟದಲ್ಲಿ 6, ಮೂತಿಯಲ್ಲಿ 7 ಅಂತ ಇಟ್ಟುಕೊಳ್ಳಿ. ಇದಕ್ಕೆ ಎದುರಾಗಿ ಉದ್ದಕ್ಕೂ 8 ನೂಲಿನ ನೇರ ನಳಿಗೆ.

ಸೊಂಟದ ಹತ್ತಿರ ಲೆಕ್ಕ ಹಾಕಿ. ಸೊಂಟ ಇರುವ ನಳಿಗೆಯಲ್ಲಿ 6 ನೂಲು, ನಡುಗೋಡೆ 1, ಗಜ 3, ಒಟ್ಟು 10. ನೇರ ನಳಿಗೆಯಲ್ಲಿ 12. ಬುಡದಲ್ಲಿ ನೋಡಿದರೆ ತಮಾಷೆ ಇದೆ. ಸೊಂಟದ ನಳಿಗೆಯ ಕೋವಿ ಅಲ್ಲಿ ಹದಿನಾಲ್ಕೂವರೆ, ನೇರ ನಳಿಗೆಯದ್ದು ಹದಿಮೂರೂವರೆ. ಅಂದರೆ ಬುಡದಲ್ಲಿ ನೇರ ನಳಿಗೆಯ ಕೋವಿಯೇ ತೆಳ್ಳಗೆ! ಆದರೂ ಎರಡನ್ನೂ ಗೋಡೆಗೆ ಒರಗಿಸಿ ನಿಲ್ಲಿಸಿದರೆ ಯಾರು ಬೇಕಾದರೂ ಸೊಂಟ ಇರುವುದನ್ನೇ ಸಪೂರ ಅನ್ನುತ್ತಾರೆ. ಯಾಕೆ ಅಂದರೆ ಒಂದರಲ್ಲಿ ಮರ ಹದಿನಾಲ್ಕೂವರೆಯಿಂದ ಹತ್ತಕ್ಕೆ ಇಳಿದು ಹನ್ನೊಂದಕ್ಕೆ ಏರುತ್ತದೆ. ಇನ್ನೊಂದರಲ್ಲಿ ಹದಿಮೂರೂವರೆಯಿಂದ ಹನ್ನೆರಡಕ್ಕೆ ಬಂದು ಅಲ್ಲೇ ನಿಲ್ಲುತ್ತದೆ. ಕಣ್ಣು ಅಳತೆ ನೋಡುವುದಿಲ್ಲ, ಇಳಿತ ನೋಡುತ್ತದೆ. ಎಲ್ಲ ಕಡೆ ಒಂದೇ ಸಮ ಇರುವುದು ಎಷ್ಟೇ ತೆಳ್ಳಗಿದ್ದರೂ ಕೋಲು. ಅಡಿಕೆ ಮರ ನೋಡಿ, ಕಬ್ಬಿಣದ ಲೈಟ್ ಕಂಬ ನೋಡಿ. ಅಷ್ಟೇ ವ್ಯತ್ಯಾಸ.

ಭಾರದ ಲೆಕ್ಕವೂ ಇದೆ. .50 ಅಳತೆಯ, 42 ಇಂಚಿನ, ಒಂದಿಂಚು ದಪ್ಪದ ನೇರ ನಳಿಗೆ ಒಂದೇ ಸುಮಾರು ಏಳೂವರೆ ಪೌಂಡ್ ತೂಗುತ್ತದೆ. ಸೊಂಟ ಇರುವುದು ಒಂದೂವರೆ ಪೌಂಡ್‌ನಷ್ಟು ಕಡಿಮೆ. ಆ ಕಡಿಮೆ ಆದದ್ದು ಬಹುಪಾಲು ಮುಂದಿನ ಭಾಗದಲ್ಲಿ. ಹೆಗಲಿಗೆ ಏರಿಸಿದಾಗ ಮೂತಿ ನೆಲ ನೋಡುವುದಿಲ್ಲ.

ನೇರ ನಳಿಗೆ ಈಗಾಗಲೇ ಕೊಂಡಾಗಿದ್ದರೆ ಎಸೆಯಬೇಕಾಗಿಲ್ಲ. ಒಂದಿಂಚಿನ ಬದಲು ಆರೂವರೆ ನೂಲಿನದ್ದು, 7 ನೂಲಿನದ್ದು ಆರಿಸಿದರೆ ಸಾಕಷ್ಟು ಸುಧಾರಿಸುತ್ತದೆ. ಆದರೆ ನಳಿಗೆ ತೆಳ್ಳಗಾದಷ್ಟೂ ಒಳಗಿನ ತೂತೂ ಸಣ್ಣದಿರಬೇಕು. ಗೋಡೆಯಲ್ಲಿ ಉಕ್ಕು ಸಾಕಷ್ಟು ಉಳಿಯಬೇಕಲ್ಲ. ಇದರಲ್ಲಿ ಚೌಕಾಸಿ ಬೇಡ. ನಳಿಗೆ ಮಾಡಿದವರು ಹೇಳಿದ ಮಿತಿಯೇ ಮಿತಿ.

ನಳಿಗೆಯ ಪಕ್ಕದ ಮರ ಎಷ್ಟು ಎತ್ತರ ಬರಬೇಕು ಅನ್ನುವುದು ಇನ್ನೊಂದು ಜಾಗ. ಹೊಸಬರು ನಳಿಗೆಯನ್ನು ಹೊದಿಕೆ ಹೊದಿಸಿದ ಹಾಗೆ ಮುಚ್ಚಿಬಿಡುತ್ತಾರೆ. ಎಂಟು ಮುಖದ ನಳಿಗೆಯಲ್ಲಿ ನೆಟ್ಟಗೆ ನಿಂತಿರುವ ಪಕ್ಕದ ಮುಖ ಇದೆಯಲ್ಲ, ಅದರ ಅರ್ಧಕ್ಕೆ ಮರ ನಿಲ್ಲಬೇಕು. ಮೇಲಿನ ಅರ್ಧ ಕಬ್ಬಿಣ ಕಾಣಬೇಕು. ಅಂಚಿನಲ್ಲಿ ಮರದ ದಪ್ಪ ಮೂತಿಯ ಕಡೆ ಒಂದು ನೂಲಿಗಿಂತ ಕಡಿಮೆ. ಹಳೆಯ ಕೋವಿಗಳಲ್ಲಿ ಅರ್ಧ ನೂಲಿಗೂ ಇಳಿದದ್ದು ಇದೆ. ಬೆರಳಲ್ಲಿ ಒತ್ತಿದರೆ ಸೀಳಿಹೋಗುತ್ತದೇನೋ ಅನ್ನಿಸುತ್ತದೆ. ಸೀಳಲ್ಲ, ಯಾಕೆಂದರೆ ಅದರ ಬೆನ್ನಿಗೆ ನಳಿಗೆ ಇದೆ. ಮರ ಅಲ್ಲಿ ಭಾರ ಹೊರುತ್ತಿಲ್ಲ, ಸುಮ್ನೆ ಅಂಟಿಕೊಂಡಿದೆ. ಹಾಗೆಯೇ ಗಜದ ಕಾಲುವೆಯ ಅಂಚು ಗಜದ ಅರ್ಧಕ್ಕೆ ನಿಲ್ಲಬೇಕು. ಅರ್ಧ ಗಜ ಹೊರಗೆ ಕಾಣಬೇಕು. ಮೇಲೆ ಅರ್ಧ ನಳಿಗೆ, ಕೆಳಗೆ ಅರ್ಧ ಗಜ, ನಡುವೆ ಒಂದು ಬೆರಳಗಲದ ಮರದ ಪಟ್ಟಿ. ಮುಂದಿನ ಮರ ಅಂದರೆ ಅಷ್ಟೇ. ಆ ಪಟ್ಟಿಯನ್ನೂ ಹೊರಕ್ಕೆ ಉಬ್ಬಿಸಬಾರದು. ನಳಿಗೆಯ ಅಂಚಿನಿಂದ ಗಜದ ಅಂಚಿಗೆ ಹೆಚ್ಚುಕಡಿಮೆ ನೇರವಾಗಿ ಇಳಿಯಬೇಕು.

ಲಾಕ್ ಹತ್ತಿರ ಬಂದರೆ ಅಲ್ಲಿ ಅಗಲ ತೀರ್ಮಾನ ಮಾಡುವುದು ನೀವಲ್ಲ. ಲಾಕ್‌ನ ಪ್ಲೇಟು ನಳಿಗೆಯ ಪಕ್ಕಕ್ಕೆ ತಾಗಿ ಕೂರುತ್ತದೆ. ಪ್ಲೇಟಿನ ಹೊರಮುಖ ಎಲ್ಲಿ ನಿಂತಿತೋ ಮರವೂ ಅಲ್ಲೇ. ಎದುರು ಬದಿಯಲ್ಲೂ ಅಷ್ಟೇ ಬಿಟ್ಟು ಸಮ ಮಾಡಬೇಕು. ನಿಮ್ಮ ಕೈಯಲ್ಲಿ ಇರುವುದು ಪ್ಲೇಟಿನ ಸುತ್ತ ಬಿಡುವ ಅಂಚು. ಒಂದು ನೂಲು ಬಿಟ್ಟರೆ ನಾಜೂಕು. ಎರಡೂವರೆ ಬಿಟ್ಟರೆ ಲಾಕ್ ಒಂದು ಹಲಗೆಯ ಮಧ್ಯೆ ಬಿದ್ದುಕೊಂಡ ಹಾಗೆ. ಇಲ್ಲಿ ಒಂದು ಮುಖ್ಯ ವಿಷಯ ಇದೆ. ಪ್ಲೇಟಿನ ಬಾಲದ ಎತ್ತರಕ್ಕೆ ಮೇಲೆ ಒಂದು ನೂಲು, ಕೆಳಗೆ ಒಂದು ನೂಲು ಸೇರಿಸಿದರೆ, ಕೈ ಹಿಡಿಯುವ ಜಾಗದ ಎತ್ತರ ಅಲ್ಲಿಂದಲೇ ಶುರುವಾಗುತ್ತದೆ. ಅದಕ್ಕೇ ಸಣ್ಣ ಕೋವಿಗೆ ದೊಡ್ಡ ಲಾಕ್ ತಂದರೆ ಹಿಡಿ ದಪ್ಪ ಆಗಿಯೇ ಆಗುತ್ತದೆ.

ಹಿಡಿಯ ಬಗ್ಗೆ ಎಲ್ಲರಿಗೂ ಭಯ. ಕೋವಿಯಲ್ಲಿ ಮುರಿಯುವ ಜಾಗ ಅದೇ. ಹಳೆಯ ಲಾಂಗ್‌ರೈಫಲ್‌ಗಳಲ್ಲಿ ಹಿಡಿ ಮುರಿದು ಹಿತ್ತಾಳೆ ತಗಡು ಸುತ್ತಿದ್ದು, ಹಸಿ ತೊಗಲು ಬಿಗಿದು ಒಣಗಿಸಿದ್ದು ಬೇಕಾದಷ್ಟು ಸಿಗುತ್ತವೆ. ಹಾಗಂತ ಹಿಡಿಯನ್ನು ಎರಡು ಇಂಚು ದಪ್ಪ ಬಿಟ್ಟರೆ ಆಗುತ್ತದಾ? ಅಗಲ ಸುಮಾರು 11 ನೂಲು, ಎತ್ತರ 12 ನೂಲು ಇದ್ದರೆ ಸಾಕು. ಹಿಡಿದಾಗ ಹೆಬ್ಬೆರಳೂ ಮಧ್ಯದ ಬೆರಳೂ ಹತ್ತಿರ ಬರಬೇಕು. ಗಟ್ಟಿತನ ಬರುವುದು ದಪ್ಪದಿಂದ ಅಲ್ಲ, ಮರದ ಎಳೆಯಿಂದ. ಎಳೆಗಳು ಹಿಡಿಯ ಉದ್ದಕ್ಕೇ ಹರಿದು ಬಟ್ ಕಡೆ ಇಳಿಯಬೇಕು. ಎಳೆ ಅಡ್ಡ ಓಡಿದ್ದರೆ ಎರಡು ಇಂಚು ಇದ್ದರೂ ಬಿದ್ದಾಗ ಲಟಕ್ಕನೆ ಹೋಗುತ್ತದೆ. ಎತ್ತಿನ ಗಾಡಿಗೆ ಮೂಕಿ ಆರಿಸುವವರು ದಪ್ಪ ಒಂದನ್ನೇ ನೋಡುತ್ತಿದ್ದರಾ? ಎಳೆ ನೋಡುತ್ತಿದ್ದರು. ಹಾಗಾಗಿ ಈ ತೀರ್ಮಾನವೂ ಮರ ಕೊಳ್ಳುವ ದಿನದ್ದೇ. ದಿಮ್ಮಿಯ ಮೇಲೆ ಕೋವಿಯ ಚಿತ್ರ ಇಟ್ಟು, ಹಿಡಿ ಎಲ್ಲಿ ಬರುತ್ತದೆ, ಅಲ್ಲಿ ಎಳೆ ಹೇಗಿದೆ ಅಂತ ನೋಡಿ ಆರಿಸಬೇಕು. ಪಟ್ಟೆ ಎಷ್ಟು ಹೊಳೆಯುತ್ತದೆ ಅಂತ ನೋಡಿ ಕೊಂಡರೆ ಮುಗೀತು.

ಬಟ್ ಭಾಗದಲ್ಲಿ ಮೂಳೆ ಅಂದರೆ ಹಿತ್ತಾಳೆಯ ತಗಡು. ಅದರ ಅಗಲ ಎಷ್ಟೋ ಬಟ್‌ನ ಅಗಲ ಅಷ್ಟು. 1770ರ ಹಿಂದಿನ ಕೋವಿಗಳಲ್ಲಿ ಅದು ಎರಡು ಇಂಚು, ಅದಕ್ಕೂ ಜಾಸ್ತಿ, ಮುಖ ಹೆಚ್ಚುಕಡಿಮೆ ಚಪ್ಪಟೆ. ಸ್ವಾತಂತ್ರ್ಯ ಯುದ್ಧ ಮುಗಿದಮೇಲೆ ಅದು ಕಿರಿದಾಗುತ್ತಾ, ಅರ್ಧಚಂದ್ರದ ಹಾಗೆ ಬಾಗುತ್ತಾ ಹೋಯಿತು. ಹಾಗಾಗಿ "ಹಳೆಯ ಕೋವಿ ಎಲ್ಲ ಸಪೂರ" ಅನ್ನುವುದೂ ತಪ್ಪು. 1760ರ ಕೋವಿಯನ್ನು 1800ರ ಕೋವಿಯಷ್ಟು ತೆಳ್ಳಗೆ ಮಾಡಿದರೆ ಅದು ಬಡಕಲು, ಸಪೂರ ಅಲ್ಲ. ಯಾವ ಕಾಲದ್ದು, ಯಾವ ಊರಿನದ್ದು ಮಾಡುತ್ತಿದ್ದೇವೆ ಅಂತ ಮೊದಲೇ ಗೊತ್ತಿರಬೇಕು. ಹಳೆಯ ಕೋವಿ ಕಸುಬಿನವನಾದ ಜೇಕಬ್ ಡಿಕರ್ಟ್ ಕೆಲಸ ಮಾಡಿದ ಲ್ಯಾಂಕಾಸ್ಟರ್ ಶೈಲಿಯಲ್ಲಿ ಬಟ್‌ನ ಗೆರೆಗಳು ನೇರ, ತ್ರಿಕೋನದ ಹಾಗೆ. ಉತ್ತರಕ್ಕೆ ಲೀಹೈ ಕಡೆ ಹೋದರೆ ಮೇಲಿನ ಏಣು ಹದ್ದಿನ ಮೂಗಿನ ಹಾಗೆ ಬಾಗುತ್ತದೆ. ಎರಡನ್ನೂ ಕಲಸಿದರೆ ಎರಡೂ ಕೆಡುತ್ತವೆ. ಪೆನ್ಸಿಲ್ವೇನಿಯಾದ ನಜರೆತ್ ಊರಿನ ಹತ್ತಿರ ಜೇಕಬ್ಸ್‌ಬರ್ಗ್‌ನಲ್ಲಿ ಲಾಂಗ್‌ರೈಫಲ್‌ಗಳದ್ದೇ ಒಂದು ಮ್ಯೂಸಿಯಂ ಇದೆ. ಆ ಕಡೆ ಹೋದವರು ಅಲ್ಲಿ ಅರ್ಧ ದಿನ ನಿಂತು ಬರೀ ಬಟ್‌ಗಳನ್ನು ನೋಡಿದರೂ ಸಾಕು.

ನೇರ ಶೈಲಿ ಮಾಡುವಾಗ ನನ್ನ ಕೈ ಪದೇ ಪದೇ ಮಾಡುವ ತಪ್ಪು ಒಂದಿದೆ. ಬಟ್‌ನ ಕೆಳತುದಿಯಿಂದ ಟ್ರಿಗರ್ ಕಡೆಗೆ ಹೋಗುವ ಗೆರೆ ನೇರ ಇರಬೇಕು. ನನ್ನದು ಕೆಳಗೆ ಜೋತು ಬೀಳುತ್ತದೆ. ಮೇಲಿಂದ ನೋಡಿದಾಗಲೂ ಹಾಗೆಯೇ. ತಗಡಿನ ಎರಡು ಅಂಚಿನಿಂದ ಹಿಡಿಗೆ ನೇರವಾಗಿ ಕಿರಿದಾಗಬೇಕಾದ್ದು ದಿಂಬಿನ ಹಾಗೆ ಉಬ್ಬಿರುತ್ತದೆ. ಒಂದು ಸ್ಟೀಲ್ ಸ್ಕೇಲ್ ಇಟ್ಟು ಬೆಳಕಿಗೆ ಹಿಡಿದು ನೋಡಿದರೆ ಎಲ್ಲಿ ಉಬ್ಬಿದೆ ಅಂತ ತಕ್ಷಣ ಗೊತ್ತಾಗುತ್ತದೆ. ಬರೀ ಕಣ್ಣಲ್ಲಿ ನೋಡಿದರೆ ಗೊತ್ತಾಗಲ್ಲ, ಯಾಕೆಂದರೆ ವಾರಗಟ್ಟಲೆ ನೋಡಿ ನೋಡಿ ಆ ಉಬ್ಬು ನಮಗೆ ಮನೆಮಗು ಆಗಿಬಿಟ್ಟಿರುತ್ತದೆ.

ಕೆತ್ತುವ ಕ್ರಮ ಗೊತ್ತಿದ್ದರೆ ಈ ಉಬ್ಬುಗಳು ಅರ್ಧಕ್ಕರ್ಧ ಕಡಿಮೆಯಾಗುತ್ತವೆ. ಮೊದಲು ಪಕ್ಕದಿಂದ ಕಾಣುವ ಗೆರೆ, ಆಮೇಲೆ ಮೇಲಿಂದ ಕಾಣುವ ಗೆರೆ. ಇವೆರಡೂ ಮುಗಿಯುವವರೆಗೆ ಯಾವ ಮೂಲೆಯನ್ನೂ ಗುಂಡಗೆ ಮಾಡಬಾರದು. ಮೂಲೆಗಳು ಚೂಪಾಗಿ, ಚೌಕವಾಗಿ ಇರಲಿ, ನೋಡೋಕೆ ಅಸಹ್ಯ ಇರಲಿ. ಚೌಕ ಇದ್ದಾಗ ಅಳೆಯಬಹುದು. ಗುಂಡಗೆ ಮಾಡಿದಮೇಲೆ ಯಾವುದನ್ನು ಅಳೆಯುತ್ತೀರಿ? ಎರಡೂ ಗೆರೆ ಸರಿಯಾದಮೇಲೆ ಚೌಕದ ಮೂಲೆ ಹೊಡೆದು ಎಂಟು ಮುಖ, ಎಂಟರಿಂದ ಹದಿನಾರು, ಅಲ್ಲಿಂದ ಗುಂಡು. ನಾನು ಮೊದಲ ಸಲ ಮೂರನೇ ದಿನವೇ ಮರಳುಕಾಗದ ತೆಗೆದುಕೊಂಡು ಮೂಲೆ ಸವೆಸಲು ಕೂತಿದ್ದೆ. ಮೈ ನುಣ್ಣಗೆ ಆಯಿತು, ಹೆಸರುಬೇಳೆ ಪಾಯಸದ ಹಾಗೆ. ಆಕಾರ ಮಾತ್ರ ಬರಲಿಲ್ಲ. ಗುಂಡಗೆ ಮಾಡಿದ ಮರ ಅಳತೆಯಲ್ಲಿ ತೆಳ್ಳಗಿದ್ದರೂ ಕಣ್ಣಿಗೆ ಊದಿಕೊಂಡ ಹಾಗೆ ಕಾಣುತ್ತದೆ. ಚೂಪು ಗೆರೆ ಇದ್ದರೆ ನೆರಳು ಬೀಳುತ್ತದೆ, ನೆರಳು ಬಿದ್ದರೆ ತೆಳ್ಳಗೆ ಕಾಣುತ್ತದೆ. ಹಳಬರು ಗಜದ ಕಾಲುವೆಯ ಪಕ್ಕದಲ್ಲಿ ಉದ್ದಕ್ಕೂ ಒಂದು ಸಣ್ಣ ಗೀರು ಎಳೆಯುತ್ತಿದ್ದರಲ್ಲ, ಅದು ಬರೀ ಅಲಂಕಾರ ಅಲ್ಲ. ಒಂದು ಬೆರಳಗಲದ ಮರದ ಪಟ್ಟಿಯನ್ನು ಅದು ಕಣ್ಣಿಗೆ ಇಬ್ಭಾಗ ಮಾಡುತ್ತದೆ. ಸೀರೆಗೆ ಅಂಚು ಇದ್ದ ಹಾಗೆ.

ಉಪಕರಣ ಜಾಸ್ತಿ ಏನೂ ಬೇಡ. ಎರಡು ಕೈಯಲ್ಲಿ ಎಳೆಯುವ ಕೀಸುಗತ್ತಿ, ಒರಟು ಅರ, ನಯ ಅರ, ಉಳಿ, ಸ್ಕ್ರೇಪರ್ ತಗಡು. ಹುಲಿಪಟ್ಟೆ ಮೇಪಲ್‌ನಲ್ಲಿ ಕೀಸುಗತ್ತಿ ಚಕ್ಕೆ ಎಬ್ಬಿಸುತ್ತದೆ, ಅಲ್ಲಿ ಅರವೇ ವಾಸಿ. ಬಣ್ಣಕ್ಕೆ ನೈಟ್ರಿಕ್ ಆಸಿಡ್‌ನಲ್ಲಿ ಕಬ್ಬಿಣ ಕರಗಿಸಿದ ನೀರು ಬಳಿದು ಬಿಸಿ ತಾಗಿಸುತ್ತಾರೆ. ಮರ ಹಸಿರಾಗಿ, ಆಮೇಲೆ ಕೆಂಪು ಕಂದು ಆಗುತ್ತದೆ. ಅದೇ ಒಂದು ದೊಡ್ಡ ಕಥೆ, ಇಲ್ಲಿ ಬೇಡ.

ಅರ್ಧ ಆಕಾರ ಕೊಟ್ಟು ಮಾರುವ ಸ್ಟಾಕ್‌ಗಳ, ಅಂದರೆ ಕೋವಿಯ ಮರದ ಮೈಗಳ ಬಗ್ಗೆ ಕೇಳುವವರು ಬಹಳ. ಅವು ಕೆಟ್ಟವಲ್ಲ. ನಳಿಗೆಯ ಕಾಲುವೆ, ಗಜದ ತೂತು ಮಷೀನಿನಲ್ಲಿ ಆಗಿ ಬರುತ್ತದೆ, ಎರಡು ತಿಂಗಳ ಕೆಲಸ ಉಳಿಯುತ್ತದೆ. ಆದರೆ ಈ ಲೇಖನ ಇಲ್ಲಿವರೆಗೆ ಓದಿದ್ದರೆ ನಿಮಗೇ ಗೊತ್ತಾಗಿರಬೇಕು, ಕೋವಿ ಎಷ್ಟು ಸಪೂರ ಆಗಬಹುದು ಅನ್ನುವುದನ್ನು ನಿಮ್ಮ ಪರವಾಗಿ ಮಷೀನು ತೀರ್ಮಾನ ಮಾಡಿಬಿಟ್ಟಿದೆ. ಹೊರಗೆ ಮರ ದಪ್ಪ ಬಿಟ್ಟಿದ್ದರೆ ತೆಗೆಯಬಹುದು. ಒಳಗೆ ನಡುಗೋಡೆ ದಪ್ಪ ಬಿಟ್ಟಿದ್ದರೆ ತೆಗೆಯೋಕೆ ಆಗಲ್ಲ. ಕೈಗೆ ಬಂದ ದಿನವೇ ಒಂದು ಕಡ್ಡಿ ತೂರಿಸಿ, ತೂತು ಎಲ್ಲಿ ಮುಗಿಯುತ್ತದೆ, ಅಲ್ಲಿ ಗೋಡೆ ಎಷ್ಟಿದೆ ಅಂತ ಅಳೆದುಕೊಳ್ಳಿ. ಎರಡೂವರೆ ನೂಲಿಗಿಂತ ಜಾಸ್ತಿ ಇದ್ದರೆ ವಾಪಸ್ ಕೊಡಿ. ಕೆಲಸ ಶುರು ಮಾಡಿದಮೇಲೆ ಯಾರೂ ತೆಗೆದುಕೊಳ್ಳಲ್ಲ.

ನನ್ನದು ಅಂಥದ್ದೇ ಒಂದು ಸ್ಟಾಕ್. ಆ ಹಿರಿಯರ ಪ್ರಶ್ನೆ ಕೇಳಿ ಬಂದಮೇಲೂ ನನಗೆ ಬುದ್ಧಿ ಬರಲಿಲ್ಲ. ಹೊಟ್ಟೆ ಇಳಿಸಿಯೇ ಇಳಿಸುತ್ತೇನೆ ಅಂತ ಅರ ಹಿಡಿದು ಕೂತೆ. ಮೂರನೇ ಸಂಜೆ ಅರದ ಸದ್ದು ಬದಲಾಯಿತು. ಗರಗರ ಅನ್ನುತ್ತಿದ್ದದ್ದು ತೆಂಗಿನ ಚಿಪ್ಪು ತುರಿದ ಹಾಗೆ ಟೊಳ್ಳು ಸದ್ದು ಮಾಡಿತು. ನಿಲ್ಲಿಸಬೇಕಿತ್ತು. ಇನ್ನೆರಡು ಸಲ ಎಳೆದೆ. ಟ್ರಿಗರ್ ಗಾರ್ಡ್‌ಗೆ ಸ್ವಲ್ಪ ಮುಂದೆ, ಅಕ್ಕಿ ಕಾಳಿನಷ್ಟು ಜಾಗದಲ್ಲಿ ಮರ ಹೋಗಿ ಗಜ ಕಾಣಿಸಿತು. ಈಗ ಅಲ್ಲಿ ಎಲೆಯ ಆಕಾರದ ಒಂದು ಹಿತ್ತಾಳೆ ತಗಡು ಕೂತಿದೆ. ನೋಡಿದವರೆಲ್ಲ ಒಳ್ಳೇ ಅಲಂಕಾರ ಮಾಡಿದ್ದೀರಿ ಅನ್ನುತ್ತಾರೆ. ಆ ಹಿರಿಯರು ಮಾತ್ರ ಮುಂದಿನ ಸಲ ಸಿಕ್ಕಾಗ ತಗಡಿನ ಮೇಲೆ ಹೆಬ್ಬೆರಳು ಇಟ್ಟು, ನನ್ನ ಮುಖ ನೋಡಿ, ಏನೂ ಹೇಳದೆ ಕೋವಿ ವಾಪಸ್ ಕೊಟ್ಟರು.